ಕಾಕಾನ ಕೊಟ್ಟಿಗೆಯ ಹಗೇವು

ಕಾಕಾ ಅವರ ಕೊಟ್ಟಿಗೆ ಕೆಡವಲು ಸೋಮವಾರ ಜೆಸಿಬಿ ಬರುತ್ತದೆ ಎಂದು ಅವರ ತಮ್ಮನ ಮಗ ಹೇಳಿದಾಗ, ಸೋಮವಾರ ಬೇಡ ಎಂದರು ಕಾಕಾ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವನ ವಾರ. ಜೆಸಿಬಿಗೆ ಎಲ್ಲಿಯ ಬಸವ, ಡೀಸೆಲ್ ಹಾಕಿದರೆ ಏಳೂ ದಿನ ದುಡಿಯುತ್ತದೆ ಎಂದು ನಾನು ನಮ್ಮ ಕಟ್ಟೆಯ ಮೇಲೆ ಕುಳಿತೇ ಅಂದೆ. ಹುಡುಗ ನಕ್ಕ. ಹುಡುಗ ಎನ್ನುತ್ತೇನೆ, ನಲವತ್ತು ದಾಟಿ ಮೀಸೆ ಬೆಳ್ಳಗಾದವನು. ಕಾಕಾ ನಗಲಿಲ್ಲ. ಕೊನೆಗೆ ಮಂಗಳವಾರ ಎಂದು ನಿಶ್ಚಯವಾಯಿತು.

ಕಾಕಾ ಎಂದರೆ ನಮಗೇನೂ ರಕ್ತ ಸಂಬಂಧವಲ್ಲ. ಗೋಡೆಗೆ ಗೋಡೆ ಹತ್ತಿದ ನೆರೆಮನೆಯವರು. ಅಫಜಲಪುರ ತಾಲೂಕಿನ ನಮ್ಮೂರಿಗೆ ನಾನು ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಈಗ ಅರವತ್ತು ದಾಟಿದೆ. ಕಾಕಾಗೆ ಎಂಬತ್ತರ ಮೇಲೆ. ಅವರಿಗೆ ಮಕ್ಕಳಾಗಲಿಲ್ಲ, ಹೆಂಡತಿ ತೀರಿ ಹತ್ತು ವರ್ಷವಾಯಿತು. ಆ ಮನೆಯಲ್ಲಿ ಇದ್ದವರು ಕಾಕಾ, ಅವರ ಸತ್ತುಹೋದ ತಮ್ಮನ ಹೆಂಡತಿ, ಆಕೆಯ ಈ ಮಗ, ಆಳಂದ ಕಡೆಯಿಂದ ಬಂದ ಅವನ ಹೆಂಡತಿ. ಆ ತಮ್ಮನ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತೇನೆ. ನನಗಿಂತ ಮೂರು ವರ್ಷ ದೊಡ್ಡವಳು.

ಕೊಟ್ಟಿಗೆ ಹಳೆಯದು. ಕಲ್ಲಿನ ಗೋಡೆ, ಬೇವಿನ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಮೇವು ಹಾಕುವ ಗೋದಲಿಯ ಅಂಚು ಎತ್ತುಗಳ ಕೊರಳು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅಲ್ಲಿ ತೊಗರಿ ಕಟ್ಟಿಗೆ, ಹಳೆಯ ಕಣಕಿ, ಮುರಿದ ಕೂರಿಗೆ, ಹೆಗ್ಗಣ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರ ನೇರ ಕೆಳಗೆ, ನೆಲದಲ್ಲಿ, ಒಂದು ದೊಡ್ಡ ಹಾಸುಗಲ್ಲು. ಆ ಕಲ್ಲಿನ ಕೆಳಗೆ ಹಗೇವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಹಾಸಿ ಜೋಳ ಸುರಿದು ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೂರು ವರ್ಷ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಹಾಗಾಗಿ ಹಿಂದಿನ ದಿನವೇ ಕಲ್ಲು ತೆಗೆದು ಒಂದು ರಾತ್ರಿ ಪೂರ್ತಿ ಬಾಯಿ ತೆರೆದಿಡಬೇಕು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡಬೇಕು. ಕಂದೀಲು ತಳದಲ್ಲೂ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಕಾಯಬೇಕು. ಇದು ಈ ಭಾಗದ ಸಣ್ಣ ಮಕ್ಕಳಿಗೂ ಗೊತ್ತು.

ನನಗೆ ಗೊತ್ತಿರಲಿಲ್ಲ. ನಾನು ಜೇವರ್ಗಿಯವಳು. ದೊಡ್ಡ ರಸ್ತೆಗೆ ಮುಖ ಮಾಡಿ ನಮ್ಮಪ್ಪನ ಸೈಕಲ್ ರಿಪೇರಿ ಅಂಗಡಿ ಇತ್ತು. ನಮ್ಮ ಮನೆಗೆ ಜೋಳ ಚೀಲದಲ್ಲಿ ಬರುತ್ತಿತ್ತು, ಡಬ್ಬಿಯಲ್ಲಿ ಉಳಿಯುತ್ತಿತ್ತು. ಲಾರಿಯ ಹಾರ್ನ್ ಕೇಳಿ ಯಾವ ಕಡೆಯ ಲಾರಿ ಎಂದು ಹೇಳಬಲ್ಲವಳಾಗಿದ್ದೆ, ಹಗೇವು ಕಂಡಿರಲಿಲ್ಲ. ಬಾಯಿ ಮಾತ್ರ ಆಗಲೇ ಜೋರು. ಈಗಲೂ ಅಷ್ಟೇ. ನಾಲ್ಕಾಣೆ ಚಿಲ್ಲರೆಗೆ ಕಂಡಕ್ಟರನ ಜೊತೆ ಜಗಳ ತೆಗೆದು ಬಸ್ ನಿಲ್ಲಿಸಿದ ಹೆಂಗಸು ಎಂದು ಈ ಊರಲ್ಲಿ ನನಗೆ ಹೆಸರಿದೆ. ಮನಸ್ಸಿನಲ್ಲಿ ಒಂದನ್ನೂ ಇಟ್ಟುಕೊಳ್ಳದವಳು ಎನ್ನುತ್ತಾರೆ. ಒಂದನ್ನು ಇಟ್ಟುಕೊಂಡಿದ್ದೆ.

ಮದುವೆಯಾಗಿ ಆಗ ಇನ್ನೂ ನಾಲ್ಕು ತಿಂಗಳು. ಹಿಂದಿನ ವಾರವಷ್ಟೇ ಮಳೆಗೆ ಸೆಗಣಿಯ ಕುಳ್ಳು ತೋಯಿಸಿದೆನೆಂದು ಅತ್ತೆಯ ಬಾಯಿಗೆ ಸಿಕ್ಕು ಹಣ್ಣಾಗಿದ್ದೆ. ಮೋಡ ಕಂಡರೆ ಸಾಕು, ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಚ್ಚುತ್ತ ಓಡಾಡುತ್ತಿದ್ದೆ. ಆಗ ಕಾಕಾ ಅವರ ಮನೆಯಿಂದ ಘತ್ತರಗಿಯ ಅಮ್ಮನಿಗೆ ಹರಕೆಯ ಜೋಳ ಹೋಗಬೇಕಿತ್ತು, ಅಮಾವಾಸ್ಯೆಗೆ ಬರುವ ಜನರ ಊಟಕ್ಕೆ. ಅದಕ್ಕಾಗಿ ಎರಡು ವರ್ಷದ ಹಗೇವನ್ನು ಹಿಂದಿನ ದಿನ ಮಧ್ಯಾಹ್ನ ಕಾಕಾ ತೆರೆದಿದ್ದರು. ಸಂಜೆ ನಾನು ಸೆಗಣಿಗೆಂದು ಅವರ ಕೊಟ್ಟಿಗೆಗೆ ಹೋದೆ. ತುಂತುರು ಶುರುವಾಗಿ ಬೆಳಕಿಂಡಿಯಿಂದ ಹನಿ ನೇರ ಹಗೇವಿನ ಬಾಯಿಗೇ ಬೀಳುತ್ತಿತ್ತು. ಅಯ್ಯೋ, ಜೋಳ ತೋಯುತ್ತದಲ್ಲ ಎಂದುಕೊಂಡೆ. ಅವರ ಮನೆಯ ಗಂಡಸರು ಚಕ್ಕಡಿಯ ಗಾಲಿ ನೋಡಲು ಬಡಿಗನ ಹತ್ತಿರ ಹೋಗಿದ್ದರು. ಅಕ್ಕ ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದಳು. ಮಾಳಿಗೆ ಹತ್ತಿ ಬೆಳಕಿಂಡಿ ಮುಚ್ಚಬೇಕೆಂಬುದು ನನಗೆ ಹೊಳೆಯಲಿಲ್ಲ. ಮೂಲೆಯಲ್ಲಿದ್ದ ಹಲಗೆ ಎಳೆದು ಹಗೇವಿನ ಬಾಯಿಗೆ ಹಾಕಿದೆ, ಮೇಲೆ ಎರಡು ತಟ್ಟಿನ ಚೀಲ ಹೊದಿಸಿದೆ. ಭೇಷ್, ಜಾಣೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಗಿನ ಜಾವ ಮತ್ತೆ ಸೆಗಣಿಗೆ ಹೋದಾಗ ಮಳೆ ಇರಲಿಲ್ಲ. ಚೀಲ ನೀರು ಕುಡಿದು ಬಿಗಿದುಕೊಂಡಿದ್ದವು. ಪರರ ಮನೆಯ ಸಾಮಾನಿಗೆ ಕೈ ಹಾಕಿದಳು ಎಂದು ಅತ್ತೆ ಬೈದಾಳೆಂದು, ಹಲಗೆ ಚೀಲ ಎಲ್ಲ ತೆಗೆದು ಇದ್ದ ಜಾಗದಲ್ಲೇ ಇಟ್ಟು ಬಂದೆ. ಹೊತ್ತು ಹುಟ್ಟುವ ಹೊತ್ತಿಗೆ ಕಾಕಾ, ಅವರ ತಮ್ಮ ಬಂದರು. ಚಕ್ಕಡಿ ಹೂಡಿ ನಿಂತಿತ್ತು. ಕಂದೀಲಿಗೆ ಎಣ್ಣೆ ಇರಲಿಲ್ಲ, ತರಲು ಅಂಗಡಿ ತೆರೆದಿರಲಿಲ್ಲ. ರಾತ್ರಿಯೆಲ್ಲ ಬಾಯಿ ತೆರೆದೇ ಇದೆ, ಏನಾಗುವುದಿಲ್ಲ, ಇಳಿ ಎಂದರಂತೆ ಕಾಕಾ. ತಮ್ಮ ಇಳಿದ. ಒಂದು ಬುಟ್ಟಿಯೂ ಮೇಲೆ ಬರಲಿಲ್ಲ. ಕಾಕಾ ಕೂಗಿದರು, ಉತ್ತರ ಬರಲಿಲ್ಲ, ತಾವೂ ಇಳಿದರು. ಕಿರುಚಾಟ ಕೇಳಿ ಓಡಿದವರು ಹಗ್ಗ ಹಾಕಿ ಇಬ್ಬರನ್ನೂ ಎಳೆದರು. ಕಾಕಾ ಉಸಿರಾಡುತ್ತಿದ್ದರು. ತಮ್ಮನ ಮೈ ಇನ್ನೂ ಬೆಚ್ಚಗಿತ್ತು, ಅಷ್ಟೇ.

ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ತಲೆಯ ಮೇಲಿನ ಸೆರಗು ಜಾರಿತ್ತು. ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಮುಂದೆ ಸೆರಗು ತೆಗೆಯುವುದಿಲ್ಲ, ನೇರ ಮಾತಾಡುವುದಿಲ್ಲ. ಏನಿದ್ದರೂ ನಡುವೆ ಒಬ್ಬರು ಬೇಕು. ಆಕೆ ಭಾವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಕಂದೀಲು ಯಾಕ ಇಳಸಲಿಲ್ಲ?"

ಅದೇ ಮೊದಲು, ಅದೇ ಕೊನೆ. ಆಮೇಲೆ ಅವರ ಜೊತೆ ಒಂದು ಮಾತನ್ನೂ ಆಡಲಿಲ್ಲ. ಊರು ಅದನ್ನು ಮರ್ಯಾದೆ ಎಂದುಕೊಂಡಿತು. ನೋಡ್ರಿ, ಎಂಥ ಸಂಸ್ಕಾರ, ಇಷ್ಟು ವರ್ಷವಾದರೂ ಭಾವನ ಮುಂದೆ ಬಾಯಿ ತೆರೆಯುವುದಿಲ್ಲ ಎಂದು ಹೊಸ ಸೊಸೆಯಂದಿರಿಗೆ ತೋರಿಸುತ್ತಿದ್ದರು. ಗೋಡೆಯ ಈ ಕಡೆ ಇದ್ದ ನನಗೆ ಗೊತ್ತಿತ್ತು. ಅಕ್ಕನ ಮನಸ್ಸಿನಲ್ಲಿ ಕೂತದ್ದು ಬೇರೆ: ಭಾವ ಬೇಕೆಂದೇ ಕಂದೀಲು ಇಳಿಸಲಿಲ್ಲ, ಹೊಲ ಪಾಲಾಗಬಾರದೆಂದು ತಮ್ಮನನ್ನು ಇಳಿಸಿದ. ಕಾಕಾ ಆ ಹೊಲ ಪೂರ್ತಿ ಆಕೆಯ ಮಗನ ಹೆಸರಿಗೇ ಮಾಡಿಸಿದರು, ಆ ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದರು. ತಪ್ಪು ಮಾಡದವನು ಹೀಗೇಕೆ ಕೊಡುತ್ತಾನೆ ಎಂದಳು ಅಕ್ಕ. ಇದಕ್ಕೇನು ಹೇಳುತ್ತೀರಿ.

ನಾನು ಅಂದು ಮಧ್ಯಾಹ್ನವೇ ಅತ್ತೆಗೆ ಹೇಳಿದ್ದೆ. ಹಲಗೆ, ಚೀಲ ಎಲ್ಲ ಹೇಳಿದೆ. ಅತ್ತೆ ಬೈಯಲಿಲ್ಲ. ನನ್ನ ಗದ್ದ ಹಿಡಿದು, ಇನ್ನೊಮ್ಮೆ ಈ ಮಾತು ನಿನ್ನ ಬಾಯಿಂದ ಬಂದರೆ ಈ ಮನೆಯೊಳಗೆ ನೀನಿರುವುದಿಲ್ಲ, ಜೇವರ್ಗಿಯ ಬಸ್ ಹತ್ತುತ್ತೀ ಎಂದಳು. ಸುಮ್ಮನಾದೆ. ಅತ್ತೆ ತೀರಿಕೊಂಡು ಇಪ್ಪತ್ತೈದು ವರ್ಷವಾಯಿತು. ಅಂದಿನಿಂದ ನನ್ನನ್ನು ತಡೆದವರು ಯಾರು? ಯಾರೂ ಇಲ್ಲ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ಹುಡುಗನ ಮದುವೆ ಆಗಲಿ, ಕಾಕಾನ ಹೆಂಡತಿಯ ಜಡ್ಡು ವಾಸಿಯಾಗಲಿ. ಹೇಡಿ ನಾನು. ಊರೆಲ್ಲ ನನ್ನ ಬಾಯಿಗೆ ಹೆದರುತ್ತದೆ, ನಾನು ಈ ಒಂದು ಮಾತಿಗೆ ಹೆದರಿದೆ.

ಕೊಟ್ಟಿಗೆ ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಲು ತಗಡಿನ ಶೆಡ್ಡು ಹಾಕುವುದು ಹುಡುಗನ ಲೆಕ್ಕ. ಹಗೇವಿಗೆ ಗೋಡೆಯ ಕಲ್ಲುಮಣ್ಣು ತುಂಬಿ ಮುಚ್ಚುವುದು. ಕಾಕಾ ಒಂದಕ್ಕೂ ಅಡ್ಡ ಬರಲಿಲ್ಲ. ತುಂಬುವ ಮೊದಲು ಒಮ್ಮೆ ತೆರೆದು ಕಂದೀಲು ಇಳಿಸಬೇಕು ಎಂದಷ್ಟೇ ಕೇಳಿದರು. ದೊಡ್ಡಪ್ಪನಿಗೆ ಅರಳುಮರಳು ಎಂದು ಹುಡುಗ ಗೊಣಗಿದ, ಆದರೂ ಶನಿವಾರ ಹಾರೆ ಹಾಕಿ ಕಲ್ಲು ಸರಿಸಿ ಹೋದ. ಭಾನುವಾರ ಮಧ್ಯಾಹ್ನ ಕಾಕಾ ನನ್ನನ್ನು ಕರೆದರು. ಊರಲ್ಲಿ ಈಗ ಕಂದೀಲು ಯಾರ ಮನೆಯಲ್ಲಿದೆ? ನಮ್ಮ ಅಟ್ಟದಲ್ಲಿತ್ತು. ಸೀಮೆಎಣ್ಣೆ ಸಿಗಲಿಲ್ಲ, ಟ್ರ್ಯಾಕ್ಟರಿನ ಡೀಸೆಲನ್ನೇ ಹಾಕಿದೆ. ಗಾಜು ಕ್ಷಣದಲ್ಲಿ ಕಪ್ಪಾಯಿತು, ಆದರೆ ಉರಿಯಿತು.

ಕಾಕಾ ನೆಲಕ್ಕೆ ಕುಳಿತು ತಾವೇ ಹಗ್ಗ ಬಿಟ್ಟರು. ಕಂದೀಲು ಗೋಡೆಗೆ ಬಡಿಯುತ್ತ ಇಳಿಯಿತು. ಕೆಳಗೆ ಕಪ್ಪು ಹುಲ್ಲು, ಒಂದು ಮುರಿದ ಬುಟ್ಟಿ, ಅಷ್ಟೇ ಕಂಡದ್ದು. ದೀಪ ಆರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು.

"ಯವ್ವಾ, ಹಿಂದಿನ ದಿನ ನಾನೇ ಕಲ್ಲು ತೆಗದಿದ್ದೆ. ರಾತ್ರಿಯೆಲ್ಲ ಬಾಯಿ ತೆರದೇ ಇತ್ತು. ಆದರೂ ಗಾಳಿ ಯಾಕ ಹೋಗಲಿಲ್ಲ? ಇಷ್ಟು ವರ್ಷ ಇದೊಂದೇ ವಿಚಾರ ಮಾಡಾಕತ್ತೇನಿ."

ಎದ್ದು ಮನೆಗೆ ಹೋಗಬಹುದಿತ್ತು, ಒಲೆಯ ಮೇಲೆ ಹಾಲಿದೆ ಎನ್ನಬಹುದಿತ್ತು. ಹೋಗಲಿಲ್ಲ.

"ತೆರದಿರಲಿಲ್ರಿ ಕಾಕಾ. ನಾ ಮುಚ್ಚಿದ್ದೆ."

ಎಲ್ಲ ಹೇಳಿದೆ. ಕಾಕಾ ಏನು ಹಾಕಿ ಮುಚ್ಚಿದೆ ಎಂದು ಕೇಳಿದರು. ಹಲಗೆ ಎಂದೆ, ಮೇಲೆ ತಟ್ಟಿನ ಚೀಲ ಎಂದೆ. ಒಣಗಿದ್ದವೋ, ತೊಯ್ದಿದ್ದವೋ ಎಂದು ಕೇಳಿದರು. ತೊಯ್ದಿದ್ದವು ಎಂದೆ. ತೊಯ್ದ ತಟ್ಟಿನಲ್ಲಿ ಗಾಳಿ ಆಡುವುದಿಲ್ಲ ಎಂದು ತಲೆಯಾಡಿಸಿದರು. ಬೀಜ ಯಾಕೆ ಮೊಳೆಯಲಿಲ್ಲ ಎಂದು ಕೊನೆಗೂ ತಿಳಿದ ರೈತನ ಹಾಗೆ ತಲೆಯಾಡಿಸಿದರು. ನನ್ನ ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ. ಹೊಡೆಯಲಿಲ್ಲ, ಶಪಿಸಲಿಲ್ಲ. ಕಂದೀಲನ್ನು ಮೇಲೆಳೆದುಕೊಂಡು ಹೇಳಿದರು.

"ಕಂದೀಲು ಇಳಸೂದು ನನ್ನ ಕೆಲಸ ಇತ್ತು. ಅದು ನನ್ನ ತಪ್ಪು. ಆದರ ನಾ ಬೇಕಂತ ಮಾಡಲಿಲ್ಲ ಯವ್ವಾ. ಇಷ್ಟು ದಿನ ತಪ್ಪಾತು ಅಂದಿದ್ರ ಬೇಕಂತ ಮಾಡೀನಿ ಅಂತ ಒಪ್ಪಿದಂಗ ಆಗತಿತ್ತು. ನೀ ಹೋಗಿ ಆಕಿಗೆ ಮೊದಲ ಇದನ್ನ ಹೇಳು. ಆಮ್ಯಾಲ ನಾ ಹೋಗಿ ಕೈ ಮುಗೀತೇನಿ. ಸಾಯೂದ್ರಾಗ ಒಂದು ಮಾತು ಆಡಿದ್ರ ಸಾಕು ನನಗ."

ನಾನು ಹಾಗೇ ಎದ್ದು ಹೋದೆ. ಕೂತರೆ ಮತ್ತೆ ಏಳುತ್ತಿರಲಿಲ್ಲ. ಅಕ್ಕ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕುಳಿತು, ಕಾಕಾಗೆ ಹೇಳಿದ್ದನ್ನು ಆಕೆಗೂ ಹೇಳಿದೆ, ಒಂದೂ ಬಿಡದೆ. ರೊಟ್ಟಿ ಬಡಿಯುವ ಕೈ ಒಂದು ಸಲ ನಿಂತಿತು, ಮತ್ತೆ ಶುರುವಾಯಿತು. ನಾನು ಮುಗಿಸುವ ತನಕ ಆಕೆ ಕೇಳಿದಳು. ಆ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿ, ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕಣ್ಣಲ್ಲಿ ಕರುಣೆ ಇತ್ತು.

"ಅವರೇ ಕಳಿಸ್ಯಾರಲ್ಲ?" ಎಂದಳು.

ಕಳಿಸಿದ್ದು ಹೌದು, ಆದರೆ ಮಾತು ನನ್ನದೇ, ಖರೇ ಎಂದೆ. ಘತ್ತರಗಿಯ ಅಮ್ಮನ ಆಣೆ ಮಾಡಿದೆ. ದೇವರ ಹೆಸರು ತೆಗೀಬೇಡ ಎಂದು ನನ್ನ ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದಳು.

"ನಿನ್ನ ಬಾಯಿ ನನಗ ಗೊತ್ತಿಲ್ಲೇನು ಬೇ? ಒಂದು ಸೌಟು ಕಳದ್ರ ಊರಿಗೆಲ್ಲ ಕೇಳೂಹಂಗ ಒದರಾಕಿ ನೀ. ಇಂಥಾದ್ದು ನಲವತ್ತು ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದೆ ಅಂದ್ರ ಯಾರು ನಂಬತಾರ? ಮುದುಕರ ಮ್ಯಾಲ ಕರುಣಾ ಬಂದದ ನಿನಗ. ಒಳ್ಳ್ಯಾಕಿ ಇದ್ದಿ. ಆದರ ನನ್ನ ಗಂಡನ ಸಾವಿನ ಮ್ಯಾಲ ಸುಳ್ಳು ಹೇಳಬ್ಯಾಡ."

ನಾನು ಅತ್ತುಬಿಟ್ಟೆ. ಅತ್ತಷ್ಟೂ ಆಕೆಗೆ ನಾನು ಒಳ್ಳೆಯವಳಾದೆ. ಹಲಗೆ ಯಾವ ಮೂಲೆಯಲ್ಲಿತ್ತು ಎಂಬುದನ್ನೂ ಹೇಳಿದೆ. ಭಾವನೇ ಎಲ್ಲ ಕಲಿಸಿ ಕಳಿಸಿದ್ದಾನೆ ಎಂಬ ಅವಳ ಗುಮಾನಿ ಅದರಿಂದ ಇನ್ನೂ ಗಟ್ಟಿಯಾಯಿತು. ಕೊನೆಗೆ, ಸುಳ್ಳು ಹೇಳಿಸಬೇಡಿ ಎಂದು ಅವರಿಗೆ ಹೇಳು ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಭಾವನಿಗೆ ಕಳಿಸಿದ ಮೊದಲ ಮಾತು ಅದು. ಎರಡು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗಿಟ್ಟಳು.

ಹೊರಗೆ ಕಾಕಾ ಗೋದಲಿಗೆ ಒರಗಿ ಕಾಯುತ್ತಿದ್ದರು. ರುಮಾಲನ್ನು ಬಿಚ್ಚಿ ಮತ್ತೆ ಚೆನ್ನಾಗಿ ಸುತ್ತಿಕೊಂಡಿದ್ದರು. ಏನಂದಳು ಎಂದು ಕೇಳಿದರು. ಇನ್ನೇನು ಒಳಗೆ ಹೋಗಿ ಕೈ ಮುಗಿಯುವವರ ಹಾಗೆ ಎದ್ದು ನಿಂತಿದ್ದರು. ಆ ಮುಖಕ್ಕೆ ಆಕೆಯ ಮಾತನ್ನು ಹೇಗೆ ಹೇಳಲಿ? ಬಾಯಿಂದ ಬೇರೆಯೇ ಬಂತು.

"ಎಲ್ಲಾ ಕೇಳಿದಳ್ರಿ. ಸ್ವಲ್ಪ ದಿನ ಬೇಕಂತ. ತಾನೇ ಬಂದು ಮಾತಾಡ್ತಾಳಂತ. ಅಲ್ಲಿತನಕ ನೀವು ಏನೂ ಅನ್ನಾಕ ಹೋಗಬ್ಯಾಡ್ರಿ."

ಕೊನೆಯ ಮಾತು ಯಾಕೆ ಹೇಳಿದೆ ಎಂದರೆ, ಅವರು ಒಳಗೆ ಹೋದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಬೇರೆ ಕಾರಣವಿಲ್ಲ. ಕಾಕಾ ಹೌದೇನು, ಹೌದೇನು ಎಂದು ಎರಡು ಸಲ ಕೇಳಿ ಕುಳಿತುಬಿಟ್ಟರು. ಕಣ್ಣು ಒರೆಸಿಕೊಂಡರು.

ಮಂಗಳವಾರ ಜೆಸಿಬಿ ಬಂತು. ಎರಡು ತಾಸಿನಲ್ಲಿ ಕೊಟ್ಟಿಗೆ ಇಲ್ಲ. ಧೂಳು ನಮ್ಮ ಹಪ್ಪಳದ ಮೇಲೆ ಕೂತಿತೆಂದು ನಾನು ಡ್ರೈವರನಿಗೆ ಬೈದೆ, ಇನ್ನು ಯಾರಿಗೆ ಬೈಯಲಿ? ಹಗೇವು ತುಂಬಲು ಹಿಂದಿನ ಗೋಡೆಯ ಕಲ್ಲುಮಣ್ಣೇ ಸಾಕಾಯಿತು. ಕಾಕಾ ಆ ಕಡೆ ತಲೆ ಹಾಕಲಿಲ್ಲ. ಅವರು ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಗೆದ ಧೋತರ ಉಟ್ಟು ಅಡಿಗೆಮನೆಯ ಬಾಗಿಲ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು.

ಮರುದಿನವೂ ಕುಳಿತರು. ಅದರ ಮರುದಿನವೂ. ಊಟಕ್ಕೆ, ತಂಬಿಗೆ ಹಿಡಿದು ಕೆರೆಯ ಕಡೆಗೆ ಹೋಗುವುದಕ್ಕೆ ಮಾತ್ರ ಎದ್ದು ಬೇಗ ಬಂದುಬಿಡುತ್ತಿದ್ದರು, ಆಕೆ ಬಂದು ನೋಡಿ ಇಲ್ಲವೆಂದು ತಿರುಗಿ ಹೋದರೆ ಎಂಬ ಹೆದರಿಕೆ. ನನ್ನನ್ನು ಕಂಡರೆ ಇನ್ನೂ ಇಲ್ಲ ಎಂದು ತಲೆಯಾಡಿಸಿ ನಗುತ್ತಿದ್ದರು. ಒಳಗೆ ಅಕ್ಕ ಬಾಗಿಲು ಹಾಕಿಕೊಂಡು ಹೊಗೆಯಲ್ಲೇ ಅಡಿಗೆ ಮಾಡತೊಡಗಿದಳು. ಗೋಡೆಯ ಮೇಲಿಂದ ನನ್ನ ಹತ್ತಿರ ಹೇಳಿಕೊಂಡಳು: ಸುಳ್ಳು ನಡೆಯಲಿಲ್ಲವೆಂದು ಈಗ ಬಾಗಿಲಿಗೆ ಕೂತು ಊರ ಮುಂದೆ ನನ್ನ ಮಾನ ತೆಗೆಯುತ್ತಿದ್ದಾರೆ. ನನ್ನ ಎರಡು ಕಡೆ ಇಬ್ಬರೂ ಇದ್ದರು. ಯಾರಿಗಾದರೂ ಒಬ್ಬರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದೆ. ಇಂಥವಳನ್ನು ಏನೆಂದು ಕರೆಯುತ್ತೀರೋ ಕರೆಯಿರಿ.

ಐದನೆಯ ವಾರ ಕಾಕಾಗೆ ಜ್ವರ ಬಂತು. ಅಫಜಲಪುರದ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆಂದು ಹುಡುಗ ಜೀಪು ತಂದರೆ, ಎರಡು ದಿನ ಬಿಟ್ಟು ಹೋಗೋಣ ಎಂದು ಕಟ್ಟೆ ಬಿಟ್ಟು ಏಳಲಿಲ್ಲ. ಅವರು ಯಾಕೆ ಏಳಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡರು. ನಮ್ಮವರ ಪದ್ಧತಿಯಂತೆ ಕುಳ್ಳಿರಿಸಿ, ವಿಭೂತಿ ಹಚ್ಚಿ, ಅವರ ಹೊಲದಲ್ಲೇ ಮಣ್ಣು ಮಾಡಿದರು.

ಮೂರನೆಯ ದಿನದ ಕಾರ್ಯಕ್ಕೆ ಹೆಂಗಸರೆಲ್ಲ ಸೇರಿದ್ದೆವು. ಕಾಳು ಹಸನು ಮಾಡುತ್ತಿದ್ದೆವು. ಬೇರೆಯವರು ಎದ್ದು ಹೋದ ಮೇಲೂ ಅಕ್ಕ ಮೊರ ಕೆಳಗಿಡಲಿಲ್ಲ. ಕಾಳಿನೊಳಗೆ ಬೆರಳಾಡಿಸುತ್ತ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಅಂದಳು.

"ನನಗೂ ವಯಸ್ಸಾತು ಬೇ. ಸಿಟ್ಟು ಯಾವಾಗೋ ಸವದಿತ್ತು. ಒಂದು ತಿಂಗಳು ಬಾಗಲ ಮುಂದ ಕುಂತ್ರಲ್ಲ, ಇವತ್ತ ಅಂತಾರ, ನಾಳಿ ಅಂತಾರ ಅಂತ ನಾನೂ ಒಳಗ ಕಿವಿ ಕೊಟ್ಟು ನಿಂತಿದ್ದೆ. ತಪ್ಪಾತವ್ವಾ ಅಂತ ಒಂದು ಸಲ ಅಂದಿದ್ರ ಬಾಗಲ ತೆಗೀತಿದ್ದೆ. ಕಡೀತನಕ ಅನ್ನಲೇ ಇಲ್ಲ ನೋಡು."

ನಾನು ಅವಳ ಕೈಯಿಂದ ಮೊರ ತೆಗೆದುಕೊಂಡು, ಹೂಂ ಅಕ್ಕಾ ಎಂದೆ.